ತಯಾರಿಕೆಯ ವಿದ್ಯೆ ಪಾಠಶಾಲೆಯನ್ನು ಪ್ರವೇಶಿಸಿದ ಬಗೆ

ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದವರಿಗೆ ಕಾರ್ಯಾಗಾರದ ಪಾಠ ಪರಿಚಿತವಾದುದು. ಕಬ್ಬಿಣದ ತುಂಡೊಂದನ್ನು ಬೈಸಿನಲ್ಲಿ ಬಿಗಿದು ಅರದಿಂದ ಉಜ್ಜಿ ಚಚ್ಚೌಕ ಮಾಡುವುದು, ಎರಡು ತುಂಡುಗಳನ್ನು ‘ವಿ’ ಆಕಾರದಲ್ಲಿ ಕತ್ತರಿಸಿ ಒಂದರೊಳಗೊಂದು ಕೂಡಿಸುವುದು, ಮರದಲ್ಲಿ ಕೀಲು ಕೆತ್ತುವುದು, ಮರಳಿನಲ್ಲಿ ಅಚ್ಚೊತ್ತುವುದು — ಇವು ಅಲ್ಲಿಯ ಅಭ್ಯಾಸಗಳು. ಹೀಗೆ ಹುಟ್ಟಿದ ವಸ್ತುವಿಗೆ ಉಪಯೋಗವಾಗಲಿ ಬೆಲೆಯಾಗಲಿ ಇಲ್ಲ. ಅಂಕ ದೊರೆತ ಮೇಲೆ ಅದು ಹಳೆಯ ಕಬ್ಬಿಣದ ರಾಶಿಯನ್ನು ಸೇರುತ್ತದೆ. ಯಾರೂ ಬಳಸದ ವಸ್ತುವನ್ನು ಇಷ್ಟು ಶ್ರಮಪಟ್ಟು ಮಾಡುವುದೇಕೆಂದು ವಿದ್ಯಾರ್ಥಿಯು ಕೇಳಿದರೆ ಅದು ಸೋಮಾರಿತನದ ಪ್ರಶ್ನೆಯಲ್ಲ. ಅದಕ್ಕೆ ಉತ್ತರವನ್ನು ಇತಿಹಾಸದಲ್ಲಿ ಅರಸಬೇಕಾಗಿದೆ.

ಬಹುಕಾಲದವರೆಗೆ ತಯಾರಿಕೆಯ ವಿದ್ಯೆಗೂ ಪಾಠಶಾಲೆಗೂ ಸಂಬಂಧವಿರಲಿಲ್ಲ. ಕಮ್ಮಾರನ ಮಗ ಕುಲುಮೆಯ ಬಳಿಯಲ್ಲೇ ಬೆಳೆದು ತಿದಿಯೊತ್ತುತ್ತ, ಕಾದ ಕಬ್ಬಿಣದ ಬಣ್ಣವನ್ನು ಕಣ್ಣಿನಿಂದಲೇ ಅಳೆಯಲು ಕಲಿಯುತ್ತಿದ್ದನು. ಯೂರೋಪಿನಲ್ಲಿಯೂ ಶಿಷ್ಯನು ಒಡೆಯನ ಮನೆಯಲ್ಲಿ ವರ್ಷಗಟ್ಟಲೆ ದುಡಿದು ಕಸುಬನ್ನು ಪಡೆಯುತ್ತಿದ್ದನು. ಇಂತಹ ವಿದ್ಯೆ ಕೈಯಲ್ಲಿ ನೆಲೆಸಿತ್ತು, ಗ್ರಂಥದಲ್ಲಿರಲಿಲ್ಲ. ಒಂದು ಕಸುಬಿನವನಿಗೆ ಇನ್ನೊಂದು ಕಸುಬು ಅಪರಿಚಿತವಾಗಿತ್ತು.

ಈ ಗೋಡೆಯನ್ನು ದಾಟಲು ವಿಶ್ವವಿದ್ಯಾನಿಲಯದ ಕಡೆಯಿಂದ ನಡೆದ ಒಂದು ಪ್ರಯತ್ನ ಜರ್ಮನಿಯ ಗಟಿಂಗೆನ್‌ನಲ್ಲಿ ಕಾಣಬರುತ್ತದೆ. ಅಲ್ಲಿಯ ಪ್ರಾಧ್ಯಾಪಕರಾದ ಯೋಹಾನ್ ಬೆಕ್‌ಮನ್ ತಮ್ಮ ವಿದ್ಯಾರ್ಥಿಗಳನ್ನು ಕಸುಬುದಾರರ ಕಾರ್ಯಾಗಾರಗಳಿಗೆ ಕರೆದೊಯ್ದು ಕೆಲಸವನ್ನು ತೋರಿಸುತ್ತಿದ್ದರು. 1777ರಲ್ಲಿ ಅವರು ‘ಟೆಕ್ನಾಲಜಿ’ ಎಂಬ ಹೆಸರಿನಲ್ಲಿ ಈ ಶಾಸ್ತ್ರಕ್ಕೆ ಒಂದು ಪಠ್ಯವನ್ನು ರಚಿಸಿದರು. 1806ರಲ್ಲಿ ಹೊರತಂದ ಮತ್ತೊಂದು ಕೃತಿಯಲ್ಲಿ ಕಸುಬುಗಳನ್ನು ವಸ್ತುಗಳ ಹೆಸರಿನಿಂದಲ್ಲದೆ ಕ್ರಿಯೆಗಳ ಸಾಮ್ಯದಿಂದ ವಿಂಗಡಿಸಲೆತ್ನಿಸಿದರು. ಪುಡಿಮಾಡುವುದು, ನಯಗೊಳಿಸುವುದು ಮೊದಲಾದ ಕ್ರಿಯೆಗಳು ಹಲವು ಕಸುಬುಗಳಿಗೆ ಸಮಾನವಾದುವು. ಆದ್ದರಿಂದ ಒಂದರ ಉಪಾಯವು ಇನ್ನೊಂದಕ್ಕೆ ಒದಗಬಹುದು. ಎರಕ, ಬೆಸುಗೆ, ಕೊರೆತ ಎಂದು ಕ್ರಿಯೆಗಳಿಗನುಸಾರವಾಗಿ ಅಧ್ಯಾಯಗಳನ್ನು ಹೊಂದಿಸುವ ಇಂದಿನ ಪಠ್ಯಗಳಲ್ಲಿ ಇದೇ ಬಗೆಯ ವಿಂಗಡಣೆಯನ್ನು ಕಾಣುತ್ತೇವೆ. ಆದರೆ ಬೆಕ್‌ಮನ್‌ರ ಶಿಷ್ಯರು ಮುಖ್ಯವಾಗಿ ರಾಜ್ಯಾಡಳಿತಕ್ಕೆ ಸಿದ್ಧರಾಗುತ್ತಿದ್ದವರು. ಅವರು ಕೆಲಸವನ್ನು ನೋಡಿ ತಿಳಿದರೇ ಹೊರತು ಮಾಡಿ ಕಲಿಯಲಿಲ್ಲ.

ಮಾಡಿ ಕಲಿಯುವ ವ್ಯವಸ್ಥೆಗೆ ಶಾಸ್ತ್ರೀಯ ರೂಪ ದೊರೆತದ್ದು ಮಾಸ್ಕೋ ನಗರದಲ್ಲಿ. ಅಲ್ಲಿಯ ಇಂಪೀರಿಯಲ್ ಟೆಕ್ನಿಕಲ್ ಸ್ಕೂಲಿನ ನಿರ್ದೇಶಕರಾದ ವಿಕ್ಟರ್ ಡೆಲ್ಲಾ-ವೋಸ್ 1868ರಲ್ಲಿ ಹೊಸ ಕ್ರಮವೊಂದನ್ನು ಆರಂಭಿಸಿದರು. ಮಾರಾಟಕ್ಕಾಗಿ ವಸ್ತುಗಳನ್ನು ತಯಾರಿಸುವ ಕಾರ್ಯಾಗಾರದಲ್ಲಿ ವಿದ್ಯಾರ್ಥಿಗೆ ಯಾವ ಕೆಲಸ ದೊರೆಯುವುದೆಂಬುದು ಬಂದ ಬೇಡಿಕೆಯನ್ನು ಅವಲಂಬಿಸಿರುತ್ತದೆ. ಸುಲಭವಾದುದು ಮೊದಲು, ಕಠಿನವಾದುದು ಅನಂತರ ಎಂಬ ಕ್ರಮ ಅಲ್ಲಿ ಸಾಧ್ಯವಿಲ್ಲ. ಡೆಲ್ಲಾ-ವೋಸ್ ಬೋಧನೆಯ ಕಾರ್ಯಾಗಾರವನ್ನು ಉತ್ಪಾದನೆಯ ಕಾರ್ಯಾಗಾರದಿಂದ ಬೇರ್ಪಡಿಸಿದರು. ಬಡಗಿತನ, ಕಮ್ಮಾರಿಕೆ, ಫಿಟ್ಟಿಂಗ್ ಮೊದಲಾದ ಪ್ರತಿಯೊಂದು ಕಸುಬನ್ನೂ ಅದರ ಮೂಲಕ್ರಿಯೆಗಳಾಗಿ ಬಿಡಿಸಿ, ಸುಲಭದಿಂದ ಕಠಿನಕ್ಕೆ ಏರುವ ಅಭ್ಯಾಸಮಾಲೆಯಾಗಿ ಜೋಡಿಸಿದರು. ಪ್ರತಿ ವಿದ್ಯಾರ್ಥಿಗೂ ಪ್ರತ್ಯೇಕ ಸ್ಥಳ, ಪ್ರತ್ಯೇಕ ಹತಾರಗಳು. ಒಬ್ಬ ಗುರು ಏಕಕಾಲದಲ್ಲಿ ಹಲವರಿಗೆ ಕಲಿಸುವುದು ಇದರಿಂದ ಸಾಧ್ಯವಾಯಿತು.

ಅಭ್ಯಾಸದ ತುಂಡಿಗೆ ಬೆಲೆಯಿಲ್ಲದಿರುವುದರ ಕಾರಣ ಈಗ ಸ್ಪಷ್ಟವಾಗುತ್ತದೆ. ಅಲ್ಲಿ ತಯಾರಾಗಬೇಕಾದುದು ವಸ್ತುವಲ್ಲ, ಕ್ರಿಯೆಯ ಅರಿವು. ಚಚ್ಚೌಕದ ಅಭ್ಯಾಸವನ್ನೇ ನೋಡೋಣ. ಮೊದಲು ಒಂದು ಮುಖವನ್ನು ಸಮತಲ ಮಾಡಬೇಕು. ಬಣ್ಣ ಸವರಿದ ಸಮತಲಫಲಕದ ಮೇಲೆ ಅದನ್ನು ಉಜ್ಜಿದಾಗ ಉಬ್ಬಿದ ಎಡೆಗಳಿಗೆ ಮಾತ್ರ ಬಣ್ಣ ಹತ್ತಿ ದೋಷ ಗೋಚರವಾಗುತ್ತದೆ. ಎರಡನೆಯ ಮುಖವನ್ನು ಮೊದಲನೆಯದಕ್ಕೆ ಲಂಬವಾಗಿ ಹೊಂದಿಸಬೇಕು. ಮೊದಲ ಮುಖ ತಪ್ಪಿದರೆ ಅದನ್ನು ಆಧರಿಸಿದ ಅಳತೆಗಳೆಲ್ಲವೂ ತಪ್ಪುತ್ತವೆ. ದೊಡ್ಡ ಯಂತ್ರದ ಭಾಗವನ್ನು ಕೊರೆಯುವಾಗಲೂ ಅನ್ವಯಿಸುವ ಆಧಾರತಲದ ನಿಯಮ ಇದೇ. ಹಾಗೆಯೇ ಎರಕದ ಮಾದರಿಯನ್ನು ಕೆತ್ತುವ ಬಡಗಿಯು ಅದನ್ನು ಬೇಕಾದ ವಸ್ತುವಿಗಿಂತ ತುಸು ದೊಡ್ಡದಾಗಿ ಮಾಡಬೇಕು. ಏಕೆಂದರೆ ಆರುವಾಗ ಎರಕದ ಕಬ್ಬಿಣವು ಉದ್ದದಲ್ಲಿ ಸುಮಾರು ನೂರಕ್ಕೆ 1ರಷ್ಟೂ ಉಕ್ಕು ಸುಮಾರು 2ರಷ್ಟೂ ಕುಗ್ಗುತ್ತವೆ. ಮರಳನ್ನು ಕೆಡಿಸದೆ ಮಾದರಿಯನ್ನು ಮೇಲಕ್ಕೆತ್ತಲು ಅದರ ಪಕ್ಕಗಳಿಗೆ ಸ್ವಲ್ಪ ಓರೆಯನ್ನೂ ಕೊಡಬೇಕು. ಒಮ್ಮೆ ಮಾದರಿಯನ್ನು ಕೆತ್ತಿದವನು ಮುಂದೆ ನಕ್ಷೆ ಬರೆಯುವಾಗ ಎರಕಹೊಯ್ಯಲಾಗದ ಆಕಾರವನ್ನು ಸುಲಭವಾಗಿ ಬರೆಯಲಾರನು.

1876ರ ಫಿಲಡೆಲ್ಫಿಯ ವಸ್ತುಪ್ರದರ್ಶನದಲ್ಲಿ ಮಾಸ್ಕೋ ಶಾಲೆಯ ಅಭ್ಯಾಸಮಾಲೆಗಳನ್ನು ಕಂಡ ಮೆಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯ ಅಧ್ಯಕ್ಷ ಜಾನ್ ರಂಕಲ್ ಅದೇ ವರ್ಷ ತಮ್ಮ ಸಂಸ್ಥೆಯಲ್ಲಿ ಈ ಕ್ರಮವನ್ನು ತರಲು ಮುಂದಾದರು. ‘ರಷ್ಯನ್ ಪದ್ಧತಿ’ ಅಮೆರಿಕದಲ್ಲಿ ಹರಡಿದ್ದು ಹೀಗೆ. ಆದರೆ ಅದೇ ರಾಜ್ಯದ ವುಸ್ಟರ್ ನಗರದ ತಾಂತ್ರಿಕ ವಿದ್ಯಾಲಯದಲ್ಲಿ ಇದಕ್ಕೆ ವಿರುದ್ಧವಾದ ಪದ್ಧತಿ 1868ರಿಂದಲೇ ನಡೆದಿತ್ತು. ಅಲ್ಲಿಯ ವಾಷ್‌ಬರ್ನ್ ಕಾರ್ಯಾಗಾರದಲ್ಲಿ ಸಂಬಳದ ಕುಶಲಕರ್ಮಿಗಳೊಡನೆ ವಿದ್ಯಾರ್ಥಿಗಳು ಮಾರಾಟಯೋಗ್ಯ ವಸ್ತುಗಳನ್ನೇ ತಯಾರಿಸುತ್ತಿದ್ದರು. ಕೊಳ್ಳುವವನು ಒಪ್ಪದ ವಸ್ತು ನಷ್ಟಕ್ಕೆ ಗುರಿಯೆಂಬ ಅರಿವು ಕೆಲಸಕ್ಕೆ ಗಾಂಭೀರ್ಯವನ್ನು ತರುವುದೆಂಬುದು ಈ ಪಕ್ಷದ ವಾದ. ಮುಂದೆ 1906ರಲ್ಲಿ ಸಿನ್ಸಿನಾಟಿ ವಿಶ್ವವಿದ್ಯಾನಿಲಯದಲ್ಲಿ ಹರ್ಮನ್ ಷ್ನೈಡರ್, ವಿದ್ಯಾರ್ಥಿಯು ಸರದಿಯ ಮೇಲೆ ತರಗತಿಯಲ್ಲಿ ಓದಿ ಕಾರ್ಖಾನೆಯಲ್ಲಿ ದುಡಿಯುವ ಸಹಕಾರಿ ಶಿಕ್ಷಣವನ್ನು ಆರಂಭಿಸಿದರು.

ನಮ್ಮ ನಾಡಿಗೂ ಈ ವಿವಾದ ಹೊರಗಿನದಲ್ಲ. ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜು ಸರ್ ಎಂ. ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ, 1917ರಲ್ಲಿ, ಸ್ಥಾಪಿತವಾಯಿತು. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಕೆಲಸ ಆರಂಭಿಸಿತು. 1953ರಲ್ಲಿ ಹಿಂದೂಸ್ತಾನ್ ಮೆಷಿನ್ ಟೂಲ್ಸ್ ಸಂಸ್ಥೆ ಬೆಂಗಳೂರಿನಲ್ಲಿ ಹುಟ್ಟಿತು. ಶಾಲೆ, ಕಾರ್ಖಾನೆಗಳೆರಡೂ ಹೀಗೆ ಬೆಳೆದರೂ ಅವುಗಳ ನಡುವೆ ಸೇತುವೆ ತಾನಾಗಿ ಏಳುವುದಿಲ್ಲ. 1961ರ ಅಪ್ರೆಂಟಿಸ್ ಕಾಯಿದೆಗೆ 1973ರಲ್ಲಿ ತಿದ್ದುಪಡಿಯಾಗಿ, ಇಂಜಿನಿಯರಿಂಗ್ ಪದವೀಧರರೂ ಡಿಪ್ಲೊಮಾ ಪಡೆದವರೂ ಅದರ ವ್ಯಾಪ್ತಿಗೆ ಬಂದದ್ದು ಈ ಕೊರತೆಯನ್ನು ತುಂಬುವ ಒಂದು ಯತ್ನ.

ಎರಡು ಪದ್ಧತಿಗಳ ಗುಣದೋಷಗಳೂ ಒಂದೇ ಮೂಲದಿಂದ ಹೊರಟಿವೆ. ಕ್ರಿಯೆಯನ್ನು ಉತ್ಪಾದನೆಯಿಂದ ಬೇರ್ಪಡಿಸಿದ್ದರಿಂದ ಅದನ್ನು ಕ್ರಮವಾಗಿ ಕಲಿಸುವುದು ಸಾಧ್ಯವಾಯಿತು; ಆದರೆ ವೇಳೆ, ವೆಚ್ಚ, ಜೊತೆಗೆಲಸಗಾರರ ಸಹವಾಸ ಇವು ಪಾಠದಿಂದ ಹೊರಗುಳಿದುವು. ಕಾರ್ಖಾನೆಯಲ್ಲಿ ಇವೆಲ್ಲವೂ ಉಂಟು. ಆದರೆ ಅಲ್ಲಿ ಕಲಿಕೆಯು ಬೇಡಿಕೆಗೆ ಅಧೀನ. ಆದ್ದರಿಂದ ಒಂದನ್ನು ಇನ್ನೊಂದರ ಬದಲಿಗೆ ಇಡುವುದು ಸಲ್ಲದು. ಮೊದಲು ಅಭ್ಯಾಸಮಾಲೆ, ಅನಂತರ ಕಾರ್ಖಾನೆಯ ಅನುಭವ ಎಂಬುದೇ ಯುಕ್ತವಾದ ಕ್ರಮ.

ಇದಕ್ಕಿಂತಲೂ ಮುಖ್ಯವಾದ ವಿಷಯವೊಂದಿದೆ. ಕೈಕೆಲಸವನ್ನೂ ಓದನ್ನೂ ಬೇರೆಬೇರೆ ಕುಲಗಳಿಗೆ ಹಂಚಿಟ್ಟಿದ್ದ ಸಮಾಜ ನಮ್ಮದು. ಇಂದಿಗೂ ಕಾರ್ಯಾಗಾರದ ಗಂಟೆಯನ್ನು ಹೇಗೋ ಕಳೆದು, ಬೋಧಕ ಸಹಾಯಕನಿಂದ ತುಂಡನ್ನು ಮಾಡಿಸಿಕೊಂಡು ಅಂಕ ಪಡೆಯುವ ವಿದ್ಯಾರ್ಥಿಯು ಆ ಹಳೆಯ ಹಂಚಿಕೆಯನ್ನೇ ಮುಂದುವರಿಸುತ್ತಾನೆ. ಅವನು ನಾಳೆ ಬರೆಯುವ ನಕ್ಷೆಯಿಂದ ಕೆಲಸಗಾರನೊಬ್ಬನು ವಸ್ತುವನ್ನು ಮಾಡಬೇಕಾಗಿದೆ. ಅರ ಹಿಡಿದು ಬೆವರಿದ ಕೈ ಮಾತ್ರವೇ ಆ ಕೆಲಸಗಾರನ ಕಷ್ಟವನ್ನು ಬಲ್ಲದು. ಬೆಲೆಯಿಲ್ಲದ ಕಬ್ಬಿಣದ ತುಂಡು ಕಲಿಸುವ ಪಾಠಗಳಲ್ಲಿ ಇದನ್ನೂ ಎಣಿಸಬೇಕು.