ಸಲಿಕೆ ಹಿಡಿಯುವ ಮುನ್ನ

ಬಾಸ್ಟನ್ ಸುತ್ತಮುತ್ತ ಮನೆ ಮಾಡಿರುವ ಕನ್ನಡಿಗರು 2015ರ ಚಳಿಗಾಲವನ್ನು ಮರೆಯುವಂತಿಲ್ಲ. ಆ ಸಲ ಊರಿನ ಮೇಲೆ ಬಿದ್ದದ್ದು 108 ಇಂಚಿಗೂ ಹೆಚ್ಚು ಹಿಮ. ನಗರಾಡಳಿತ ಲಾರಿಗಳಲ್ಲಿ ಸಾಗಿಸಿ ಬಂದರಿನ ಕಡೆ ಒಟ್ಟಿದ ರಾಶಿ ಪೂರ್ತಿ ಕರಗಿದ್ದು ಜುಲೈ 14ಕ್ಕೆ. ಇಂಥ ಹಿಮವನ್ನು ಮನೆ ಮುಂದಿನಿಂದ ತೆಗೆಯುವುದು ಹೇಗೆಂದು ಹಾಸನ, ಶಿವಮೊಗ್ಗ, ಬೆಂಗಳೂರಿನಲ್ಲಿ ಬೆಳೆದ ನಮಗೆ ಯಾರೂ ಹೇಳಿಕೊಟ್ಟವರಲ್ಲ. ಪಕ್ಕದ ಮನೆಯವರನ್ನು ನೋಡಿ, ವಾಟ್ಸಾಪಿನಲ್ಲಿ ಬಂದದ್ದನ್ನು ನಂಬಿ ಕಲಿತಿದ್ದೇವೆ. ಹಾಗೆ ಕಲಿತದ್ದರಲ್ಲಿ ಕೆಲವು ಬರೀ ತಪ್ಪು. ಇನ್ನು ಕೆಲವು ಜೀವಕ್ಕೇ ಕುತ್ತು.

"ಮೊದಲು ಕಾರು ಹೊರಗೆ ಬರುವಷ್ಟು ದಾರಿ ಆಗಲಿ" ಎಂದು ಎಲ್ಲರೂ ನೇರ ಡ್ರೈವ್‌ವೇಗೆ ಇಳಿಯುತ್ತಾರೆ. ನಾನು ಮಾತ್ರ ಮೊದಲು ಮನೆಯ ಪಕ್ಕದ ಗೋಡೆಗೆ ಹೋಗುತ್ತೇನೆ. ಅಲ್ಲಿ, ನೆಲದಿಂದ ಮೊಣಕಾಲೆತ್ತರದಲ್ಲಿ, ಬಿಳಿ ಪ್ಲಾಸ್ಟಿಕ್ ಪೈಪೊಂದು ಹೊರಗೆ ಮೂತಿ ಚಾಚಿದೆ. ಮನೆ ಬೆಚ್ಚಗಿಡುವ ಫರ್ನೇಸಿನ ಹೊಗೆ ಹೋಗುವ ದಾರಿ ಅದು. ಹೊಸ ಫರ್ನೇಸುಗಳಿರುವ ಬಹಳ ಮನೆಗಳಲ್ಲಿ ಚಿಮಣಿ ಬದಲು ಇದೇ ಇರುತ್ತದೆ. ಗಾಳಿ ಹಿಮವನ್ನು ಗೋಡೆಗೆ ಒತ್ತಿದರೆ ಪೈಪು ಮುಚ್ಚಿಹೋಗಿ, ಕಾರ್ಬನ್ ಮಾನಾಕ್ಸೈಡ್ ಮನೆಯೊಳಗೇ ತುಂಬಬಹುದು.

ಇಲ್ಲಿ ನಮ್ಮ ಇನ್ನೊಂದು ನಂಬಿಕೆ ಅಡ್ಡ ಬರುತ್ತದೆ: "ಗ್ಯಾಸ್ ಸೋರಿದರೆ ವಾಸನೆ ಬರುತ್ತದಲ್ಲ, ಗೊತ್ತಾಗುತ್ತದೆ." ಊರಿನ ಅಡುಗೆಮನೆಯಲ್ಲಿ ಸಿಲಿಂಡರ್ ಸೋರಿದರೆ ಮೂಗಿಗೆ ಬಡಿಯುವುದು ಗ್ಯಾಸಿನ ಸ್ವಂತ ವಾಸನೆಯಲ್ಲ, ಸೋರಿದ್ದು ತಿಳಿಯಲಿ ಎಂದೇ ಬೆರೆಸಿದ ರಾಸಾಯನಿಕದ ವಾಸನೆ. ಉರಿಯುವಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ತಲೆನೋವು, ವಾಕರಿಕೆ, ತೂಕಡಿಕೆ ಬರುತ್ತವೆ. ಚಳಿಗೆ ಮೈ ಹುಷಾರಿಲ್ಲ ಎಂದುಕೊಂಡು ಜನ ಮಲಗಿಬಿಡುತ್ತಾರೆ. 2005ರ ಜನವರಿಯಲ್ಲಿ ಮ್ಯಾಸಚೂಸೆಟ್ಸ್‌ನ ಪ್ಲಿಮತ್ ಊರಿನಲ್ಲಿ ಹಿಮ ಹೀಗೆಯೇ ಹೊಗೆಪೈಪನ್ನು ಮುಚ್ಚಿ, ಏಳು ವರ್ಷದ ಹುಡುಗಿಯೊಬ್ಬಳು ತೀರಿಕೊಂಡಳು. ಆಮೇಲೆ ಬಂದ ನಿಕೋಲ್ ಕಾನೂನು ಆ ಮಗುವಿನ ಹೆಸರಿನದು. ಇಂಧನ ಉರಿಯುವ ಮನೆಗಳ ಪ್ರತಿ ಮಹಡಿಯಲ್ಲೂ ಅಲಾರ್ಮ್ ಇರಬೇಕೆಂದು ಆ ಕಾನೂನು ಹೇಳುತ್ತದೆ. ಗೋಡೆಯ ಮೇಲಿನ ಆ ಬಿಳಿ ಡಬ್ಬಿ ಬ್ಯಾಟರಿ ಮುಗಿದು ಕಿರುಗುಟ್ಟಿದಾಗ ಕಳಚಿ ಡ್ರಾಯರಿನಲ್ಲಿ ಹಾಕಿಡುವವರನ್ನು ನೋಡಿದ್ದೇನೆ. ದಯವಿಟ್ಟು ಇವತ್ತೇ ತೆಗೆದು ಹೊಸ ಬ್ಯಾಟರಿ ಹಾಕಿ.

ಕಾರಿಗೂ ಇದೇ ಮಾತು. "ಮಗುವಿಗೆ ಚಳಿ, ನಾವು ಹಿಮ ತೆಗೆಯುವಷ್ಟು ಹೊತ್ತು ಕಾರಿನಲ್ಲಿ ಹೀಟರ್ ಹಾಕಿ ಕೂರಿಸೋಣ" ಎನ್ನುವುದು ಪ್ರೀತಿಯಿಂದಲೇ ಹುಟ್ಟುವ ಯೋಚನೆ. 2013ರ ಫೆಬ್ರವರಿಯಲ್ಲಿ ಬಾಸ್ಟನ್ನಿನಲ್ಲೇ, ತಂದೆಯ ಜೊತೆ ಹಿಮ ತೆಗೆಯುತ್ತಿದ್ದ ಹನ್ನೊಂದು ವರ್ಷದ ಹುಡುಗ ಚಳಿಯಾಯಿತೆಂದು ಚಾಲೂ ಇದ್ದ ಕಾರಿನಲ್ಲಿ ಕೂತ. ಕಾರಿನ ಹಿಂದಿನ ಹೊಗೆಕೊಳವೆ ಹಿಮದಲ್ಲಿ ಹೂತಿತ್ತು. ಹುಡುಗ ಉಳಿಯಲಿಲ್ಲ. ಇಂಜಿನ್ ಚಾಲೂ ಮಾಡುವ ಮುಂಚೆ ಆ ಕೊಳವೆಯ ಸುತ್ತ ಬಿಡಿಸಬೇಕು. ಗರಾಜಿನ ಬಾಗಿಲು ತೆರೆದಿದ್ದರೆ ಒಳಗೇ ಕಾರು ಚಾಲೂ ಇಡಬಹುದು ಎನ್ನುವುದೂ ಸುಳ್ಳು.

ಉಪ್ಪಿನ ವಿಷಯದಲ್ಲಿ ನಾವು ಕೈ ಬಿಚ್ಚಿದವರು. "ಹೆಚ್ಚು ಸುರಿದರೆ ಹೆಚ್ಚು ಕರಗುತ್ತದೆ" ಎಂದು ಚೀಲವನ್ನೇ ಬಗ್ಗಿಸಿ ಸುರಿಯುತ್ತೇವೆ. ಇಲ್ಲಿ ಮೂಟೆಯಲ್ಲಿ ಬರುವುದು ನಮ್ಮ ಕಲ್ಲುಪ್ಪೇ. ಉಪ್ಪು ಮಂಜುಗಡ್ಡೆಯನ್ನು ಸುಟ್ಟು ಕರಗಿಸುವುದಿಲ್ಲ. ಗಡ್ಡೆಯ ಮೇಲಿರುವ ತೆಳು ನೀರಿನ ಪದರದಲ್ಲಿ ಕರಗಿ, ಆ ನೀರು ಮತ್ತೆ ಹೆಪ್ಪುಗಟ್ಟದಂತೆ ತಡೆಯುತ್ತದೆ. ಚಳಿ ಏರಿದಷ್ಟೂ ಆ ಪದರ ಕಡಿಮೆ. ಮೈನಸ್ 9 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೋದರೆ ಕಲ್ಲುಪ್ಪಿನ ಕೆಲಸ ಹೆಚ್ಚುಕಡಿಮೆ ನಿಂತಂತೆ. ಒಂದು ಮೂಟೆ ಹಾಕಿದರೂ ಅಷ್ಟೇ. ಅಂಥ ರಾತ್ರಿಗೆ ಕ್ಯಾಲ್ಸಿಯಂ ಕ್ಲೋರೈಡ್ ಬೇಕು, ಇಲ್ಲವೇ ಕಾಲಿಗೆ ಹಿಡಿತ ಸಿಗಲೆಂದು ಮರಳು ಎರಚಬೇಕು. ಮೊದಲು ಕೆರೆದು ತೆಗೆದು, ಉಳಿದ ತೆಳು ಪದರಕ್ಕಷ್ಟೇ ಉಪ್ಪು. ಇಪ್ಪತ್ತು ಅಡಿ ಡ್ರೈವ್‌ವೇಗೆ ಒಂದು ದೊಡ್ಡ ಕಾಫಿ ಮಗ್ ತುಂಬ ಸಾಕು. ಮಿಕ್ಕಿದ್ದು ಕರಗಿ ಚರಂಡಿ ಹಿಡಿದು ಕೆರೆ ಸೇರುತ್ತದೆ, ಅಲ್ಲಿಂದ ವಾಪಸ್ ತೆಗೆಯಲು ಆಗುವುದಿಲ್ಲ. ಒಂದು ಟೀ ಚಮಚ ಉಪ್ಪು ಸುಮಾರು 19 ಲೀಟರ್ ಸಿಹಿನೀರನ್ನು ಕೆಡಿಸುತ್ತದೆ ಎಂದು ಮಿನೆಸೋಟದ ಮಾಲಿನ್ಯ ನಿಯಂತ್ರಣ ಸಂಸ್ಥೆ ಎಚ್ಚರಿಸುತ್ತದೆ.

ಮೆಟ್ಟಿಲಿಗೆ ಕುದಿಯುವ ನೀರು ಹಾಕುವುದಂತೂ ಬೇಡ. ಹತ್ತು ನಿಮಿಷದಲ್ಲಿ ಅದೇ ಕನ್ನಡಿಯಂತೆ ಗಟ್ಟಿಯಾಗಿ, ಮೊದಲಿಗಿಂತ ಹೆಚ್ಚು ಜಾರುತ್ತದೆ. ಕಾರಿನ ಗಾಜಿಗೆ ಹಾಕಿದರೆ ಗಾಜೇ ಸೀಳಬಹುದು.

ಇನ್ನೊಂದು ಮಾತು ಕಾನೂನಿನದು. "ಬಿದ್ದ ಹಿಮವನ್ನು ಹಾಗೇ ಬಿಟ್ಟರೆ ಅದು ದೇವರ ಕೆಲಸ, ಮುಟ್ಟಿದರೆ, ಯಾರಾದರೂ ಜಾರಿ ಬಿದ್ದಾಗ ಕೇಸು ನಮ್ಮ ಮೇಲೆ" ಎಂದು ಮನೆ ಕೊಂಡ ಹೊಸತರಲ್ಲಿ ನನಗೂ ಒಬ್ಬರು ಹೇಳಿದ್ದರು. ಮ್ಯಾಸಚೂಸೆಟ್ಸ್‌ನಲ್ಲಿ ನೂರು ವರ್ಷಕ್ಕೂ ಹೆಚ್ಚು ಕಾಲ ನಿಯಮ ಹಾಗೇ ಇತ್ತು ಕೂಡ. 2010ರ ಜುಲೈನಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಅದನ್ನು ತೆಗೆದುಹಾಕಿತು. ತಾನಾಗಿ ಬಿದ್ದ ಹಿಮ, ನಾವು ಒಟ್ಟಿದ ಹಿಮ ಎಂಬ ಭೇದವೇ ಈಗಿಲ್ಲ; ಬರುವವರು ಜಾರದಂತೆ ತಕ್ಕಮಟ್ಟಿಗೆ ಎಚ್ಚರ ವಹಿಸುವುದು ಜಾಗದ ಒಡೆಯರ ಹೊಣೆ. ಬಾಸ್ಟನ್ ನಗರದೊಳಗೆ ಹಿಮ ನಿಂತ ಮೂರು ಗಂಟೆಯೊಳಗೆ, ರಾತ್ರಿ ನಿಂತರೆ ಸೂರ್ಯೋದಯದಿಂದ ಮೂರು ಗಂಟೆಯೊಳಗೆ, ಮನೆ ಮುಂದಿನ ಕಾಲುದಾರಿ ಬಿಡಿಸಬೇಕು. ಅಗಲ ಕಡೇಪಕ್ಷ 42 ಇಂಚು. ಗಾಲಿಕುರ್ಚಿ, ಮಗುವಿನ ತಳ್ಳುಗಾಡಿ ಹಾಯಲು ಅಷ್ಟು ಬೇಕೇ ಬೇಕು. ತೆಗೆದದ್ದನ್ನು ರಸ್ತೆಗೆ ತಳ್ಳುವಂತಿಲ್ಲ.

ನನ್ನನ್ನು ಎಲ್ಲಕ್ಕಿಂತ ಹೆದರಿಸುವ ನಂಬಿಕೆ ಬೇರೆ: "ಹಿಮ ಹತ್ತಿಯ ಹಾಗೆ, ಅದರಲ್ಲಿ ಭಾರ ಏನಿದೆ?" ಹನ್ನೆರಡು ಮೀಟರ್ ಉದ್ದ, ಐದು ಮೀಟರ್ ಅಗಲದ ಡ್ರೈವ್‌ವೇ ಮೇಲೆ ಒಂದಡಿ ಹಿಮ ಬಿದ್ದಿದೆ ಎನ್ನಿ. ಘನ ಮೀಟರಿಗೆ ನೂರು ಕಿಲೋ ತೂಗುವ ಹಗುರ ಹಿಮವಾದರೂ ಸುಮಾರು 1,800 ಕಿಲೋ ಆಯಿತು. ಒದ್ದೆ ಹಿಮವಾದರೆ ಅದರ ಎರಡೂವರೆ ಪಟ್ಟು. ಇಷ್ಟನ್ನೂ ಬೆಳಿಗ್ಗೆ ಎದ್ದ ಕೂಡಲೇ, ಉಸಿರು ಬಿಗಿಹಿಡಿದು, ತೋಳಿನ ಬಲದಲ್ಲಿ ಎತ್ತುತ್ತೇವೆ. ಚಳಿಗೆ ರಕ್ತನಾಳಗಳು ಬಿಗಿಯುತ್ತವೆ, ಬಿಪಿ ಏರುತ್ತದೆ, ಹೃದಯಕ್ಕೆ ರಕ್ತ ಹೆಚ್ಚು ಬೇಕಾದ ಹೊತ್ತಿಗೇ ದಾರಿ ಕಿರಿದಾಗುತ್ತದೆ. ಕೆನಡಾದ ಕ್ವಿಬೆಕ್‌ನಲ್ಲಿ 1981ರಿಂದ 2014ರವರೆಗಿನ ದಾಖಲೆ ಕೆದಕಿದವರಿಗೆ ಕಂಡದ್ದು ಇದು: 20 ಸೆಂಟಿಮೀಟರ್ ಹಿಮ ಬಿದ್ದ ಮರುದಿನ, ಹಿಮವಿಲ್ಲದ ದಿನಕ್ಕೆ ಹೋಲಿಸಿದರೆ, ಗಂಡಸರಲ್ಲಿ ಹೃದಯಾಘಾತದಿಂದ ಸಾಯುವ ಸಂಭವ ಶೇಕಡಾ 34ರಷ್ಟು ಹೆಚ್ಚು. ನಮ್ಮ ಕಡೆಯವರಿಗೆ ಹೃದ್ರೋಗ ಬೇಗ ಬರುತ್ತದೆ. ಎದೆ ಹಿಡಿದುಕೊಂಡಾಗ ನಾವು ಹೇಳುವ ಮಾತೂ ಒಂದೇ: "ಗ್ಯಾಸ್ಟ್ರಿಕ್ ಕಣಪ್ಪ, ಜೀರಿಗೆ ನೀರು ಕುಡಿದರೆ ಹೋಗುತ್ತೆ." ಸಲಿಕೆ ಹಿಡಿದಾಗ ಎದೆಯಲ್ಲಿ ಭಾರವಾದರೆ ಜೀರಿಗೆ ಹುಡುಕುತ್ತಾ ಕೂರಬೇಡಿ, 911ಕ್ಕೆ ಫೋನ್ ಮಾಡಿ.

ನಮ್ಮಪ್ಪನಿಗೆ ಅರವತ್ತೆಂಟು. ಹಾಸನದ ಹತ್ತಿರದ ಹಳ್ಳಿಯಲ್ಲಿ ಜೀವಮಾನವಿಡೀ ಗುದ್ದಲಿ ಹಿಡಿದವರು. ಇಲ್ಲಿಗೆ ಬಂದ ಮೊದಲ ಬಿರುಗಾಳಿಯ ಮರುದಿನ, ನಾನು ಏಳುವಷ್ಟರಲ್ಲಿ ಮಂಕಿ ಕ್ಯಾಪ್ ಏರಿಸಿ, ಸ್ವೆಟರಿನ ಮೇಲೆ ಶಾಲು ಸುತ್ತಿ, ಸಲಿಕೆಯೊಂದಿಗೆ ಡ್ರೈವ್‌ವೇ ತುದಿಯಲ್ಲಿದ್ದರು. ರಸ್ತೆ ಗುಡಿಸುವ ಪ್ಲೌ ಲಾರಿ ಅಲ್ಲಿ ತಳ್ಳಿಹೋದ ಗುಡ್ಡೆ ಎಲ್ಲಕ್ಕಿಂತ ಭಾರ. ಅದನ್ನೇ ಹಿಡಿದಿದ್ದರು. "ಕೂತು ಕೂತು ಸಾಕಾಯ್ತು ಮಗಾ, ಇದೇನು ಮಹಾ" ಅಂದರು. ಉಸಿರು ಮೇಲಕ್ಕೆಳೆಯುತ್ತಿತ್ತು. ನಾನು ಸಲಿಕೆ ಕಿತ್ತುಕೊಂಡೆ, ಅವರಿಗೆ ಬೇಸರವಾಯಿತು.

ಈಗ ಅವರಿಗೆಂದು ಒಂದು ಕೆಲಸ ಇಟ್ಟಿದ್ದೇನೆ. ನಾನು ನಿಧಾನವಾಗಿ, ಎತ್ತುವ ಬದಲು ತಳ್ಳುತ್ತಾ, ಹದಿನೈದು ನಿಮಿಷಕ್ಕೊಮ್ಮೆ ಒಳಗೆ ಬಂದು ಸುಧಾರಿಸಿಕೊಳ್ಳುತ್ತಾ ಮುಗಿಸಿದ ಮೇಲೆ, ಬೂಟಿಗೆ ಮುಳ್ಳಿನ ಪಟ್ಟಿ ಕಟ್ಟಿಕೊಂಡು ಅವರು ಕಾಫಿ ಮಗ್‌ನಲ್ಲಿ ಕಲ್ಲುಪ್ಪು ಹಿಡಿದು ಬರುತ್ತಾರೆ. ರಾಗಿ ಚೆಲ್ಲಿದ ಕೈ ಅದು. ಮುಷ್ಟಿ ಸಡಿಲ ಬಿಟ್ಟು ಬೀಸಿದರೆ ಹರಳು ಹರಳಿನ ನಡುವೆ ಎರಡು ಬೆರಳಷ್ಟು ಜಾಗ ಬಿಟ್ಟು ಬೀಳುತ್ತದೆ, ಎಲ್ಲೂ ಗುಪ್ಪೆಯಾಗುವುದಿಲ್ಲ. ಇಪ್ಪತ್ತು ಅಡಿ ಮುಗಿಯುವಾಗ ಮಗ್‌ನ ತಳದಲ್ಲಿ ಇನ್ನೂ ಸ್ವಲ್ಪ ಉಳಿದಿರುತ್ತದೆ.

"ಇಷ್ಟೇ ಸಾಕಾ?"

"ಸಾಕಪ್ಪ. ಒಳಗೆ ಬಾ, ಕಾಫಿ ಆಗಿದೆ."