ಹೇರು ಏರಿದೊಡನೆ ಗಾಡಿ ಸೋಲುವುದೇಕೆ?

ಕಾಟೋಲ್, ನರಖೇಡ್ ಕಡೆಯ ಕಿತ್ತಳೆ ಕಳಮನಾ ಮಾರುಕಟ್ಟೆಗೆ ಬರುವ ದಿನಗಳಲ್ಲಿ ಹಳೆಯ ಪಿಕಪ್ ಗಾಡಿಗಳಿಗೆ ಬಿಡುವೆಂಬುದೇ ಇಲ್ಲ. ನಮ್ಮ ವಾಚನಾಲಯಕ್ಕೆ ಬರುವ ಚಾಲಕ ಬಂಧುವೊಬ್ಬರ ಗಾಡಿ ಖಾಲಿ ಇದ್ದಾಗ ನೆಟ್ಟಗೆ ಓಡುತ್ತಿತ್ತು. ಹೇರು ತುಂಬಿ ಸೇತುವೆಯ ಏರು ಹತ್ತುವಾಗ ಮಾತ್ರ ತಡವರಿಸಿ, ಎಷ್ಟು ತುಳಿದರೂ ಎರಡನೆಯ ಗೇರನ್ನು ಬಿಡುತ್ತಿರಲಿಲ್ಲ. “ಪಿಕಪ್ ಗಾಡಿಗೇ ಪಿಕಪ್ ಇಲ್ಲವಲ್ಲ, ಸ್ವಾಮೀ” ಎಂದು ಅವರು ನಕ್ಕರೂ ಮುಖದಲ್ಲಿ ನಗೆಯಿರಲಿಲ್ಲ. ಒಂದು ಗ್ಯಾರೇಜಿನವರು ಡೀಸೆಲ್ ಪಂಪನ್ನೇ ಬಿಚ್ಚಬೇಕೆಂದಿದ್ದರು. ಆ ಖರ್ಚು ಅವರ ಒಂದು ತಿಂಗಳ ದುಡಿಮೆಗಿಂತ ಹೆಚ್ಚು.

ಪಂಪಿನ ಮೇಲೆ ಅನುಮಾನ ಬರಬೇಕಾದುದು ಕೊನೆಗೆ. ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹಾರಿಸುವ ಪ್ಲಗ್ಗಿಲ್ಲ. ಸಿಲಿಂಡರಿನೊಳಗೆ ಗಾಳಿಯನ್ನು ಸುಮಾರು 20ರಲ್ಲಿ ಒಂದು ಪಾಲಿಗೆ ಒತ್ತಿದಾಗ ಅದು 500 ಡಿಗ್ರಿಗೂ ಮೀರಿ ಕಾಯುತ್ತದೆ. ಆ ಕಾವಿಗೆ ಸಿಂಪಡಿಸಿದ ಡೀಸೆಲ್ ತಾನಾಗಿ ಹೊತ್ತಿಕೊಳ್ಳುತ್ತದೆ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುವುದನ್ನು ಎಲ್ಲರೂ ಮುಟ್ಟಿ ನೋಡಿರುತ್ತಾರೆ, ಅದೇ ತತ್ತ್ವ. ಆದುದರಿಂದ ಎಂಜಿನ್ನಿಗೆ ಬೇಕಾದುದು ಎರಡೇ: ಗಾಳಿ, ಡೀಸೆಲ್. ಯಾವುದು ಕಡಿಮೆಯಾಗಿದೆಯೆಂದು ಹೊಗೆ ಹೇಳುತ್ತದೆ.

ಹೇರಿನೊಡನೆ ಏರು ಹತ್ತುವಾಗ ಇನ್ನೊಬ್ಬರು ಹಿಂದಿನಿಂದ ನೋಡಲಿ. ದಟ್ಟ ಕಪ್ಪು ಹೊಗೆ ಬಂದರೆ ಡೀಸೆಲ್ ಇದೆ, ಗಾಳಿ ಸಾಲದು. ಧಾನ್ಯದ ಹೊಟ್ಟು, ಮೆಣಸಿನಕಾಯಿ ಧೂಳು ಹಾರುವ ಮಾರುಕಟ್ಟೆಯಲ್ಲಿ ಏರ್ ಫಿಲ್ಟರ್ ಬೇಗ ಕಟ್ಟಿಕೊಳ್ಳುವುದು ಸಹಜ. ಟರ್ಬೊ ಇರುವ ಗಾಡಿಯಾದರೆ ಅದರ ರಬ್ಬರ್ ಕೊಳವೆ ಹರಿದು ಬುಸುಗುಟ್ಟುತ್ತಿದೆಯೇ ನೋಡಬೇಕು. ನೋಜಲ್ ಕೆಟ್ಟರೂ ಕಪ್ಪು ಹೊಗೆಯೇ, ಆದರೆ ಅದು ಆಮೇಲಿನ ಮಾತು. ನೀಲಿ ಹೊಗೆಯೆಂದರೆ ಆಯಿಲ್ ಉರಿಯುತ್ತಿದೆ. ಎಂಜಿನ್ ಕಾದ ಮೇಲೂ ಬಿಳಿ ಹೊಗೆ ನಿಲ್ಲದೆ, ರೇಡಿಯೇಟರಿನ ನೀರೂ ಇಳಿಯುತ್ತಿದ್ದರೆ ಗಾಡಿಯನ್ನು ಮುಂದೆ ಓಡಿಸಬಾರದು.

ನಮ್ಮ ಬಂಧುವಿನ ಗಾಡಿಯಲ್ಲಿ ಹೊಗೆಯೇ ಇರಲಿಲ್ಲ. ಹೊಗೆಯಿಲ್ಲದೆ ಸೋಲುವುದೆಂದರೆ ಡೀಸೆಲ್ ಮುಟ್ಟುತ್ತಿಲ್ಲವೆಂದೇ ಮೊದಲ ಶಂಕೆ. ಫಿಲ್ಟರಿನ ತಳದ ತಿರುಪು ಸಡಿಲಿಸಿದಾಗ ಅರ್ಧ ಲೋಟ ನೀರು ಬಂತು. ಹೊಸ ಫಿಲ್ಟರ್ ಹಾಕಿ, ಗುಳ್ಳೆ ಹೋಗುವವರೆಗೆ ಕೈಪಂಪು ಒತ್ತಿದೆವು. ಎರಡು ದಿನ ಚೆನ್ನಾಗಿ ಓಡಿ, ಮತ್ತೆ ಅದೇ ಗೋಳು! ಟ್ಯಾಂಕಿನ ಮುಚ್ಚಳದ ಉಸಿರುಗಂಡಿ ಕಟ್ಟಿದೆಯೋ ಎಂದು ಗಾಡಿ ಸೋತಾಗ ಮುಚ್ಚಳ ಸಡಿಲಿಸಿ ನೋಡಿದ್ದೂ ಆಯಿತು. ಕಟ್ಟಿದ್ದರೆ ಗಾಳಿ ಒಳನುಗ್ಗುವ ಸದ್ದಾಗುತ್ತದೆ, ಗಾಡಿಯೂ ಚೇತರಿಸಿಕೊಳ್ಳುತ್ತದೆ. ಹಾಗೇನೂ ಆಗಲಿಲ್ಲ. ಕೊನೆಗೆ ಸಿಕ್ಕಿದ್ದು ಟ್ಯಾಂಕಿನಿಂದ ಬರುವ ರಬ್ಬರ್ ಕೊಳವೆಯಲ್ಲಿ, ಕ್ಲಿಪ್ಪಿನ ಅಡಿಯ ಬಿರುಕು. ಅಲ್ಲಿ ಡೀಸೆಲ್ ತೊಟ್ಟಿಕ್ಕಿರಲಿಲ್ಲ. ಪಂಪು ಎಳೆಯುವ ಬದಿಯಾದ್ದರಿಂದ ಡೀಸೆಲ್ ಹೊರಗೆ ಬರುವ ಬದಲು ಗಾಳಿಯೇ ಒಳಗೆ ಹೋಗುತ್ತದೆ. ಗೇಣುದ್ದ ಹೊಸ ಕೊಳವೆ, ಎರಡು ಕ್ಲಿಪ್ಪು. ಅಷ್ಟರಲ್ಲಿ ಕೆಲಸ ಮುಗಿಯಿತು. ಪಂಪನ್ನು ಯಾರೂ ಮುಟ್ಟಲಿಲ್ಲ.

ಒಂದು ಎಚ್ಚರಿಕೆ. ಕಾಮನ್ ರೈಲ್ ಎಂಜಿನ್ನಿನ ಗಾಡಿಗಳಲ್ಲಿ ನೋಜಲ್ ಕಡೆಯ ಒತ್ತಡ 1000 ಬಾರ್ ದಾಟುತ್ತದೆ. ಸೋರುವ ಡೀಸೆಲಿನ ಸೂಜಿಧಾರೆ ಚರ್ಮವನ್ನೇ ತೂರಿ ಒಳಗೆ ಹೋಗಬಲ್ಲದು. ಎಂಜಿನ್ ನಡೆಯುತ್ತಿರುವಾಗ ಆ ಕೊಳವೆಗಳ ಬಳಿ ಕೈಯೊಡ್ಡಬಾರದು, ನಟ್ಟನ್ನೂ ಸಡಿಲಿಸಬಾರದು.