ನಿಧಾನಕ್ಕೆಂದೇ ಹುಟ್ಟಿದ ಮೋಟರ್

ಅಮೆರಿಕದ ನಾರ್ತ್ ಡಕೋಟ ರಾಜ್ಯದ ಫಾರ್ಗೋ ಊರು ರೆಡ್ ನದಿಯ ದಂಡೆಯಲ್ಲಿದೆ. ನದಿ ದಾಟಿದರೆ ಮಿನೆಸೋಟ, ಸಾವಿರಾರು ಸರೋವರಗಳ ನಾಡು. 1934ರಲ್ಲಿ ಫಾರ್ಗೋದ ಒ.ಜಿ. ಶ್ಮಿಟ್ ಎಂಬಾತ ಫೋರ್ಡ್ ಮಾಡೆಲ್ ಎ ಕಾರಿನ ಸ್ಟಾರ್ಟರ್ ಮೋಟರಿಗೆ ಬಾಗುವ ಶಾಫ್ಟ್ ಜೋಡಿಸಿ, ತುದಿಗೊಂದು ಪ್ರೊಪೆಲರ್ ಸಿಕ್ಕಿಸಿ ದೋಣಿಗೆ ಕಟ್ಟಿದ. ವಿದ್ಯುತ್ ಟ್ರೋಲಿಂಗ್ ಮೋಟರ್ ಬಳಕೆಗೆ ಬಂದದ್ದು ಹೀಗೆ. ಎರಡೂ ರಾಜ್ಯಗಳ ಹೆಸರನ್ನು ಬೆಸೆದು ಇಟ್ಟ ಮಿನ್ ಕೋಟ ಎಂಬ ಹೆಸರಿನಲ್ಲೇ ಅದು ಇಂದಿಗೂ ಮಾರಾಟವಾಗುತ್ತಿದೆ.

ಆ ಹೊತ್ತಿಗೆ ವೇಗಕ್ಕೇನೂ ಬರವಿರಲಿಲ್ಲ. ಓಲೆ ಎವಿನ್‌ರೂಡ್ 1909ರಲ್ಲೇ ಪೆಟ್ರೋಲ್ ಔಟ್‌ಬೋರ್ಡ್ ಎಂಜಿನ್ ಮಾರಲು ಶುರುಮಾಡಿದ್ದ. ಆದರೆ ಗಾಳದ ದಾರವನ್ನು ದೋಣಿಯ ಹಿಂದೆ ಇಳಿಬಿಟ್ಟು, ನಡಿಗೆಯ ವೇಗಕ್ಕಿಂತಲೂ ಮೆಲ್ಲಗೆ ಎಳೆದುಕೊಂಡು ಹೋಗುವ ಟ್ರೋಲಿಂಗ್‌ಗೆ ಆ ಎಂಜಿನ್ ಒರಟು. ಸದ್ದು, ಹೊಗೆ, ಅದುರು. (ಮಲ್ಪೆಯ ಟ್ರಾಲ್ ಬೋಟ್ ಬೇರೆಯದೇ ಕಸುಬು, ಅಲ್ಲಿ ಎಳೆಯುವುದು ಬಲೆಯನ್ನು.) ವಿದ್ಯುತ್ತಿನಿಂದ ದೋಣಿ ನಡೆಸುವುದೂ ಹೊಸತಾಗಿರಲಿಲ್ಲ. ಮೋರಿಟ್ಸ್ ಯಾಕೋಬಿ 1838ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನ ನೆವಾ ನದಿಯಲ್ಲಿ ಬ್ಯಾಟರಿಯಿಂದ ದೋಣಿ ಓಡಿಸಿದ್ದ. 1881ರಲ್ಲಿ ಗುಸ್ತಾವ್ ಟ್ರೂವೆ ಪ್ಯಾರಿಸ್ಸಿನ ಸೇನ್ ನದಿಯಲ್ಲಿ, ದೋಣಿಯಿಂದ ಬಿಚ್ಚಿ ಒಯ್ಯಬಹುದಾದ ಮೋಟರನ್ನೇ ತೋರಿಸಿದ್ದ. ಅವರಿಬ್ಬರಿಗೂ ದೋಣಿ ಚಲಿಸಿದರೆ ಸಾಕಿತ್ತು. ಶ್ಮಿಟ್‌ಗೆ ಅದು ತೆವಳಬೇಕಿತ್ತು.

ಸ್ಟಾರ್ಟರ್ ಮೋಟರ್‌ನ ಜೊತೆಗೇ ಒಂದು ತೊಡಕೂ ದೋಣಿ ಹತ್ತಿತು. ಕಾರಿನಲ್ಲಿ ಆ ಮೋಟರಿನ ಕೆಲಸ ಕೆಲವೇ ಸೆಕೆಂಡು, ಕಾರಿನ ಬ್ಯಾಟರಿಯೂ ಅಷ್ಟಕ್ಕೇ ಸಿದ್ಧವಾದದ್ದು. ಒಮ್ಮೆಲೇ ಭಾರಿ ಕರೆಂಟ್ ಕೊಡಲೆಂದು ಅದರೊಳಗೆ ತೆಳುವಾದ ಸೀಸದ ಫಲಕಗಳನ್ನು ಒತ್ತೊತ್ತಾಗಿ ಜೋಡಿಸಿರುತ್ತಾರೆ. ಮತ್ತೆ ಮತ್ತೆ ಪೂರ್ತಿ ಬರಿದು ಮಾಡಿದರೆ ಆ ಫಲಕಗಳು ಬೇಗ ಉದುರಿ ಹೋಗುತ್ತವೆ. ಮೀನು ಹಿಡಿಯುವವನಿಗಾದರೋ ಹೊತ್ತು ಮುಳುಗುವವರೆಗೆ ಒಂದೇ ಸಮ ಕರೆಂಟ್ ಬೇಕು. ಅದಕ್ಕೆ ಬೇಕಾದದ್ದು ದಪ್ಪ ಫಲಕಗಳ ಡೀಪ್ ಸೈಕಲ್ ಬ್ಯಾಟರಿ. ನಮ್ಮ ಮನೆಗಳಲ್ಲಿ ಇನ್ವರ್ಟರಿನ ಪಕ್ಕ ಕೂತಿರುವ ಟ್ಯೂಬುಲರ್ ಬ್ಯಾಟರಿ ಅದೇ ಕುಲದ್ದು. ಈ ಮೋಟರಿನ ಮುಂದಿನ ಕಥೆಯಲ್ಲಿ ಹೆಚ್ಚಿನ ಪಾಲು ಬ್ಯಾಟರಿಯದೇ ಎಂದು ನನಗನ್ನಿಸುವುದು ಇದಕ್ಕಾಗಿ.

ಎರಡನೆಯ ತಿರುವು ದಕ್ಷಿಣದ ರಾಜ್ಯಗಳಲ್ಲಿ ಬಂತು. ಅಣೆಕಟ್ಟುಗಳ ಹಿನ್ನೀರಿನಲ್ಲಿ ಮುಳುಗಿದ ಮರಗಳ ಸಂದಿಯಲ್ಲಿ ಬಾಸ್ ಮೀನು ಅಡಗುತ್ತದೆ. ಅಲ್ಲಿ ಎರಡೂ ಕೈ ಗಾಳದ ಕೋಲಿಗೇ ಬೇಕು. ಮಿಸಿಸಿಪ್ಪಿಯ ಜಿ.ಎಚ್. ಹ್ಯಾರಿಸ್ 1950ರ ದಶಕದಲ್ಲಿ ಕಾಲಿನಿಂದ ತಿರುಗಿಸುವ ಮೋಟರ್ ರೂಪಿಸಿದ. ಮೋಟರ್‌ಗೈಡ್ ಬ್ರ್ಯಾಂಡಿನ ಮೂಲ ಅದು. ಮೋಟರ್ ದೋಣಿಯ ಹಿಂಬದಿಯಿಂದ ಮೂತಿಗೆ ಬಂತು. ಹಿಂದಿನಿಂದ ತಳ್ಳಿದರೆ ಅಡ್ಡಾಡುವ ದೋಣಿ, ಮುಂದಿನಿಂದ ಎಳೆದರೆ ಹೇಳಿದ ಕಡೆ ಬರುತ್ತದೆ. 1967ರಲ್ಲಿ ರೇ ಸ್ಕಾಟ್ ಅರ್ಕನ್ಸಾದ ಬೀವರ್ ಲೇಕ್‌ನಲ್ಲಿ ಬಾಸ್ ಹಿಡಿಯುವ ಸ್ಪರ್ಧೆ ನಡೆಸಿದ ಮೇಲೆ ಈ ಆಟ ದೊಡ್ಡದಾಯಿತು. ದೋಣಿ ಭಾರವಾಯಿತು, ಮೋಟರಿಗೆ ಹೆಚ್ಚು ಬಲ ಬೇಕಾಯಿತು.

ಆ ಬಲವನ್ನು ಅಳೆಯುವುದು ಅಶ್ವಶಕ್ತಿಯಲ್ಲಲ್ಲ, ಪೌಂಡ್ ಲೆಕ್ಕದ ತಳ್ಳುಬಲದಲ್ಲಿ. ಬಳಕೆಯ ಸೂತ್ರ ಸರಳ: ಜನ, ಸಾಮಾನು ಎಲ್ಲ ಸೇರಿದ ದೋಣಿಯ ತೂಕದಲ್ಲಿ ಪ್ರತಿ 100 ಪೌಂಡಿಗೆ, ಎಂದರೆ ಸುಮಾರು 45 ಕಿಲೋಗೆ, 2 ಪೌಂಡ್ ತಳ್ಳುಬಲ. 1,100 ಕಿಲೋ ತೂಗುವ ದೋಣಿಗೆ ಈ ಲೆಕ್ಕದಲ್ಲಿ 50ರ ಆಸುಪಾಸು ಬರುತ್ತದೆ, ಆದರೆ ಸೂತ್ರಕ್ಕೆ ಗಾಳಿಯ ಪರಿವೆಯಿಲ್ಲ. ಬಯಲು ನೀರಿನಲ್ಲಿ ಎದುರುಗಾಳಿ ಎದ್ದಾಗ ಮಿಗುವ ಬಲವೇ ದೋಣಿಯನ್ನು ಹಿಡಿತದಲ್ಲಿಡುವುದರಿಂದ ನಾನಾದರೆ ಒಂದು ಮೆಟ್ಟಿಲು ಮೇಲಿನದನ್ನೇ ಆರಿಸುತ್ತೇನೆ. ಶಾಫ್ಟಿನ ಉದ್ದವನ್ನೂ ಅಲೆ ನೋಡಿಯೇ ತೀರ್ಮಾನಿಸಬೇಕು. ಮೂತಿ ಎದ್ದಾಗ ಪ್ರೊಪೆಲರ್ ನೀರಿನಿಂದ ಹೊರಬಂದು ಗಾಳಿ ಕಡೆದರೆ ಬಲವೂ ಹೋಯಿತು, ನಿಶ್ಶಬ್ದವೂ ಹೋಯಿತು.

ಈ ಮೋಟರುಗಳ ವಿವರ ಪಟ್ಟಿಯಲ್ಲಿ ನನಗೆ ಬಲು ಇಷ್ಟವಾದ ಸಂಗತಿಯೊಂದಿದೆ. 55 ಪೌಂಡಿನ ಮೋಟರಿಗೆ 12 ವೋಲ್ಟ್ ಸಾಕು; 80ಕ್ಕೆ 24, 112ಕ್ಕೆ 36 ವೋಲ್ಟ್ ಬೇಕು. ಆದರೆ ಪೂರ್ತಿ ವೇಗದಲ್ಲಿ ಎಳೆಯುವ ಕರೆಂಟ್ ಮೂರರಲ್ಲೂ ಹೆಚ್ಚುಕಡಿಮೆ 50 ಆಂಪಿಯರೇ. ಬಲವನ್ನು ಕರೆಂಟಿನಿಂದಲೇ ಹೆಚ್ಚಿಸಹೊರಟರೆ ತಂತಿ ಕಾಯುತ್ತದೆ, ವೋಲ್ಟೇಜು ದಾರಿಯಲ್ಲೇ ಸೋರುತ್ತದೆ. ಹಾಗಾಗಿ ಬ್ಯಾಟರಿಗಳನ್ನು ಸಾಲಾಗಿ ಕೂಡಿಸಿ ವೋಲ್ಟೇಜನ್ನೇ ಏರಿಸಿದರು. ಸಾಲಿನಲ್ಲಿರುವವೆಲ್ಲ ಒಂದೇ ಜಾತಿಯವೂ ಒಂದೇ ವಯಸ್ಸಿನವೂ ಆಗಿರಬೇಕು. ಒಂದು ಸೊರಗಿದರೆ ಉಳಿದವೂ ಅದರ ಮಟ್ಟಕ್ಕೆ ಇಳಿಯುತ್ತವೆ. ದಪ್ಪ ತಂತಿಯೂ ಬ್ಯಾಟರಿಯ ಹತ್ತಿರವೇ ಕೂರಿಸಿದ 60 ಆಂಪಿಯರಿನ ಬ್ರೇಕರೂ ಇಲ್ಲದೆ ಮೋಟರ್ ಜೋಡಿಸಲೇಬಾರದು.

ಬ್ಯಾಟರಿಯ ಮೇಲೆ 100 ಆಂಪಿಯರ್-ಗಂಟೆ ಎಂದು ಬರೆದಿದ್ದರೆ 50 ಆಂಪಿಯರಿನಂತೆ ಎರಡು ಗಂಟೆ ಓಡೀತು ಎಂದೆಣಿಸುವುದು ಸಹಜ. ಸೀಸದ ಬ್ಯಾಟರಿಯಲ್ಲಿ ಅದು ನಡೆಯದು. ಬರೆದ ಸಂಖ್ಯೆ ಸಾಮಾನ್ಯವಾಗಿ 20 ಗಂಟೆಗಳ ನಿಧಾನದ ಲೆಕ್ಕ, ಎಂದರೆ 5 ಆಂಪಿಯರಿನಂತೆ ಮಾತ್ರ. ಅವಸರದಲ್ಲಿ ಕೇಳಿದಷ್ಟೂ ಬ್ಯಾಟರಿ ಕಡಿಮೆ ಕೊಡುತ್ತದೆಂದು ಜರ್ಮನಿಯ ವಿಲ್ಹೆಲ್ಮ್ ಪಾಯ್ಕರ್ಟ್ 1897ರಲ್ಲೇ ಲೆಕ್ಕ ಹಾಕಿ ತೋರಿಸಿದ್ದ. ಹಳೆಯ ಮೋಟರುಗಳು ವೇಗ ತಗ್ಗಿಸಲು ಪ್ರತಿರೋಧಕದ ಸುರುಳಿ ಬಳಸಿ, ಉಳಿಯಬೇಕಿದ್ದ ಶಕ್ತಿಯನ್ನು ಬಿಸಿಯಾಗಿ ಕಳೆಯುತ್ತಿದ್ದವು. ಕರೆಂಟನ್ನು ಸೆಕೆಂಡಿಗೆ ಸಾವಿರಾರು ಬಾರಿ ಕಡಿದು ಕೊಡುವ ಎಲೆಕ್ಟ್ರಾನಿಕ್ ನಿಯಂತ್ರಣ ಬಂದಮೇಲೆ ಮೆಲ್ಲಗೆ ಹೋಗುವವನ ಬ್ಯಾಟರಿ ನಿಜವಾಗಿಯೂ ಉಳಿಯತೊಡಗಿತು.

ಆ ಉಳಿತಾಯಕ್ಕೆ ಹೊಸ ಖರ್ಚೂ ಕಾದಿತ್ತು. ನಾಗರಿಕರ ಜಿಪಿಎಸ್ ಸಂಕೇತವನ್ನು ಬೇಕೆಂದೇ ಮಸುಕಾಗಿಸುವುದನ್ನು ಅಮೆರಿಕ 2000ರ ಮೇ ತಿಂಗಳಲ್ಲಿ ನಿಲ್ಲಿಸಿತು. ಮುಂದೆ ಉಪಗ್ರಹ ನೋಡಿಕೊಂಡು ದೋಣಿಯನ್ನು ಇದ್ದಲ್ಲೇ ನಿಲ್ಲಿಸುವ ಮೋಟರುಗಳು ಬಂದವು. ಲಂಗರು ಬೇಡವಾಯಿತು. ಆದರೆ ಗಾಳಿ ಬೀಸುತ್ತಿದ್ದರೆ ದೋಣಿ ನಿಂತಿರುವಷ್ಟು ಹೊತ್ತೂ ಮೋಟರ್ ದುಡಿಯುತ್ತಲೇ ಇರುತ್ತದೆ.

ಈ ಭಾರ ಹೊರಲು ಬಂದದ್ದು ಲಿಥಿಯಂ ಐರನ್ ಫಾಸ್ಫೇಟ್. ಟೆಕ್ಸಸ್ ವಿಶ್ವವಿದ್ಯಾಲಯದಲ್ಲಿ ಜಾನ್ ಗುಡ್‌ಇನಫ್ ಅವರ ತಂಡ 1990ರ ದಶಕದಲ್ಲಿ ಗುರುತಿಸಿದ ವಸ್ತು ಇದು. 100 ಆಂಪಿಯರ್-ಗಂಟೆಯ ಸೀಸದ ಬ್ಯಾಟರಿ ಸುಮಾರು 30 ಕಿಲೋ ತೂಗಿದರೆ ಇದು ಅದರ ಅರ್ಧಕ್ಕಿಂತ ಕಡಿಮೆ. ಹೆಚ್ಚೂಕಡಿಮೆ ಪೂರ್ತಿ ಬಳಸಬಹುದು. ವೋಲ್ಟೇಜು ಕೊನೆಯ ಹಂತದವರೆಗೂ ಕುಸಿಯದು, ಬೆಳಗಿನ ಬಲವೇ ಸಂಜೆಗೂ ಸಿಗುತ್ತದೆ. ಬೆಲೆ ಮಾತ್ರ ಹೆಚ್ಚು, ಚಾರ್ಜರೂ ಅದಕ್ಕೆ ಹೊಂದುವುದೇ ಬೇಕು. ಮಿನೆಸೋಟದಂಥ ಚಳಿಯ ನಾಡಿನಲ್ಲಿ ಇನ್ನೊಂದು ಎಚ್ಚರ ಬೇಕು. ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಲಿಥಿಯಂ ಲೋಹದ ಪದರವಾಗಿ ಒಳಗೆ ಕೂತು ಕೋಶವನ್ನು ಕೆಡಿಸುತ್ತದೆ. ಕೆಲವು ಬ್ಯಾಟರಿಗಳ ಒಳಗೇ ಹೀಟರ್ ಇರುತ್ತದೆ; ಇಲ್ಲದ್ದನ್ನು ಚಳಿಗಾಲದಲ್ಲಿ ಬಿಚ್ಚಿ ಮನೆಯೊಳಗೆ ತಂದಿಟ್ಟೇ ಚಾರ್ಜ್ ಮಾಡಬೇಕು. ಸೀಸದ ಬ್ಯಾಟರಿ ಇದ್ದವರು ಮಾಡಬೇಕಾದದ್ದು ಬೇರೆ: ಪೂರ್ತಿ ಚಾರ್ಜ್ ಮಾಡಿಯೇ ಚಳಿಗಾಲಕ್ಕೆ ಎತ್ತಿಡಬೇಕು, ಏಕೆಂದರೆ ಬರಿದಾದ ಸೀಸದ ಬ್ಯಾಟರಿಯೊಳಗಿನ ದ್ರಾವಣ ಹೆಪ್ಪುಗಟ್ಟಿ ಪೆಟ್ಟಿಗೆಯನ್ನೇ ಸೀಳುತ್ತದೆ.